‘ಸಂಕೇತ’ದ ಹೊರೆ: ಉಪಗ್ರಹ ಟೆಲಿವಿಷನ್ನಿನ ಕನ್ನಡ ಪರಿಭಾಷೆಯನ್ನು ಕುರಿತ ಒಂದು ವಿಮರ್ಶೆ

ಸಾರಾಂಶ: ಡಿಜಿಟಲ್ ಉಪಗ್ರಹ ಪ್ರಸಾರದ ಕೆಲವು ಪರಿಕಲ್ಪನೆಗಳಿಗೆ ಕನ್ನಡದಲ್ಲಿ ಬಳಕೆಯಲ್ಲಿರುವ ಪದಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಪಾರಿಭಾಷಿಕ ಪದದ ಯೋಗ್ಯತೆಯನ್ನು ಅದರ ಮೂಲಭಾಷೆಯಿಂದಾಗಲಿ ಇಂಗ್ಲಿಷ್ ಪದದೊಡನೆ ಅದಕ್ಕಿರುವ ಹೊಂದಾಣಿಕೆಯಿಂದಾಗಲಿ ಅಳೆಯಬಾರದು. ಒಂದೇ ವಾಕ್ಯದಲ್ಲಿ ನೆರೆಹೊರೆಯ ಪದಗಳೊಡನೆ ಅದು ವ್ಯತ್ಯಾಸವನ್ನು ಉಳಿಸಿಕೊಳ್ಳುತ್ತದೆಯೆ ಎಂಬುದರಿಂದ ಅಳೆಯಬೇಕು ಎಂಬುದು ಲೇಖನದ ವಾದ.

ಮುಖ್ಯಪದಗಳು: ಪರಿಭಾಷೆ, ಅರ್ಥಕ್ಷೇತ್ರ, ಬಹ್ವರ್ಥತೆ, ಉಪಗ್ರಹ ಪ್ರಸಾರ, ಎರವಲು

1. ಒಂದು ವಾಕ್ಯ

‘ಸಂಕೇತೀಕರಿಸಿದ ಸಂಕೇತವನ್ನು ಮತ್ತೆ ಸಂಕೇತೀಕರಿಸಿ, ನಿಗದಿತ ಸಂಕೇತ ದರದಲ್ಲಿ ಉಪಗ್ರಹಕ್ಕೆ ಕಳುಹಿಸಲಾಗುತ್ತದೆ, ಹಣ ತೆತ್ತವರ ಪೆಟ್ಟಿಗೆ ಮಾತ್ರ ಈ ಸಂಕೇತವನ್ನು ಬಿಡಿಸಬಲ್ಲದು.’

ಈ ವಾಕ್ಯವನ್ನು ನಾವು ಕಟ್ಟಿದ್ದೇವೆ. ಆದರೆ ಇದರಲ್ಲಿ ನಾವು ಟಂಕಿಸಿದ ಪದ ಒಂದೂ ಇಲ್ಲ. ಇಂಗ್ಲಿಷ್–ಕನ್ನಡ ನಿಘಂಟುಗಳಲ್ಲಿ ಸಿಗ್ನಲ್, ಸಿಂಬಲ್, ಕೋಡ್, ಸೈಫರ್ ಎಂಬ ನಾಲ್ಕು ಉಲ್ಲೇಖಗಳನ್ನು ತೆರೆದು ನೋಡಿದರೆ ಪ್ರತಿಯೊಂದರ ಎದುರಿಗೂ ‘ಸಂಕೇತ’ ಅಥವಾ ಅದರಿಂದ ಹುಟ್ಟಿದ ರೂಪ ಒಂದಲ್ಲ ಒಂದು ಸ್ಥಾನದಲ್ಲಿ ಕಾಣಸಿಗುತ್ತದೆ. ಆ ಅರ್ಥಗಳನ್ನು ನಂಬಿ ಪ್ರಸಾರ ತಂತ್ರಜ್ಞಾನದ ಒಂದು ಸಾಮಾನ್ಯ ಹೇಳಿಕೆಯನ್ನು ಕನ್ನಡಕ್ಕೆ ತಂದರೆ ಮೇಲಿನ ವಾಕ್ಯ ದೊರೆಯುತ್ತದೆ. ಇದರಲ್ಲಿ ‘ಸಂಕೇತ’ ಐದು ಸಲ ಬಂದಿದೆ. ಐದು ಸಲವೂ ಬೇರೆ ಬೇರೆ ವಸ್ತುವನ್ನು ಹೇಳುತ್ತದೆ. ಮೊದಲನೆಯದು ಚಿತ್ರವನ್ನು ಅಡಕಗೊಳಿಸುವ ಕ್ರಿಯೆ. ಎರಡನೆಯದು ಸಿಗ್ನಲ್. ಮೂರನೆಯದು ದಾರಿಯಲ್ಲಿ ಬೀಳಬಹುದಾದ ತಪ್ಪುಗಳನ್ನು ತಿದ್ದಿಕೊಳ್ಳಲೆಂದು ಹೆಚ್ಚುವರಿ ಬಿಟ್‌ಗಳನ್ನು ಸೇರಿಸುವ ಕ್ರಿಯೆ. ನಾಲ್ಕನೆಯದು ವಾಹಕ ತರಂಗದ ಮೇಲೆ ಕೂರುವ ಸಿಂಬಲ್. ಐದನೆಯದು ಗುಟ್ಟಿನ ಲಿಪಿ. ವಾಕ್ಯ ವ್ಯಾಕರಣಬದ್ಧವಾಗಿದೆ, ಪ್ರತಿಯೊಂದು ಪದವೂ ನಿಘಂಟಿನ ಒಪ್ಪಿಗೆ ಪಡೆದಿದೆ, ಆದರೂ ವಿಷಯ ಗೊತ್ತಿಲ್ಲದವರಿಗೆ ಅದು ಏನನ್ನೂ ತಿಳಿಸುವುದಿಲ್ಲ. ಗೊತ್ತಿರುವವರು ಅದನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಂಡು ಓದುತ್ತಾರೆ.

ಇದನ್ನು ಭಾಷೆಯ ಬಡತನವೆಂದು ಹೇಳುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಪದಗಳನ್ನು ಕಟ್ಟುವ ವಿಧಾನದ ದೋಷ. ಆ ವಿಧಾನ ಎಲ್ಲಿ ತಪ್ಪುತ್ತದೆಂಬುದನ್ನು ತೋರಿಸಲು ಉಪಗ್ರಹ ಟೆಲಿವಿಷನ್ ಒಳ್ಳೆಯ ಕ್ಷೇತ್ರ. ಈ ತಂತ್ರಜ್ಞಾನ ಕನ್ನಡಿಗರ ಮನೆಗಳನ್ನು ಬಹು ಬೇಗ ಹೊಕ್ಕಿತು. ಅದನ್ನು ಕುರಿತು ದಿನವೂ ಕನ್ನಡದಲ್ಲಿ ಮಾತು ನಡೆಯುತ್ತದೆ. ಅದರ ನಿಯಮಗಳು ಜನರ ತಿಂಗಳ ಖರ್ಚನ್ನು ಮುಟ್ಟುತ್ತವೆ.

2. ಹಿಂದಿನ ಯಶಸ್ಸು ಮತ್ತು ಅದರ ಮರೆ

ಪ್ರಸಾರ ಮಾಧ್ಯಮದ ವಿಷಯದಲ್ಲಿ ಕನ್ನಡದ ಪದಸೃಷ್ಟಿ ಹೆಮ್ಮೆಪಡಬೇಕಾದ ಚರಿತ್ರೆಯನ್ನೇ ಹೊಂದಿದೆ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಖಾಸಗಿ ಬಾನುಲಿ ಕೇಂದ್ರದೊಡನೆ ಬೆಸೆದುಕೊಂಡ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೋ ಸಂಸ್ಥೆಯ ಹೆಸರಾಯಿತು. ಪುರಾಣದ ಅಶರೀರವಾಣಿಯನ್ನು ನೆನಪಿಸುವ ಪದವೊಂದು ಯಂತ್ರಕ್ಕೆ ಇಷ್ಟು ಸಹಜವಾಗಿ ಒಗ್ಗಿದ್ದು ಅಪರೂಪದ ಸಂಗತಿ. ‘ಬಾನುಲಿ’ ಅಚ್ಚಗನ್ನಡದ ಸಮಾಸ. ‘ಬಿತ್ತರಿಸು’ ಎಂಬುದಂತೂ ಅದೃಷ್ಟದ ಪದ. ಇಂಗ್ಲಿಷಿನ ಬ್ರಾಡ್‌ಕಾಸ್ಟ್ ಮೂಲತಃ ಬೀಜವನ್ನು ಕೈಬೀಸಿ ಚೆಲ್ಲುವ ಬೇಸಾಯದ ಮಾತಾದ್ದರಿಂದ ಕನ್ನಡದ ‘ಬಿತ್ತು’ ಧಾತುವಿನಿಂದಲೇ ‘ಬಿತ್ತರ’ ಬಂದಿತೆಂದು ನಂಬುವವರಿದ್ದಾರೆ. ವಾಸ್ತವದಲ್ಲಿ ‘ಬಿತ್ತರ’ ಸಂಸ್ಕೃತದ ‘ವಿಸ್ತರ’ದ ತದ್ಭವ, ಪದಾದಿಯ ವಕಾರ ಬಕಾರವಾಗಿ, ‘ಸ್ತ’ ಎಂಬುದು ‘ತ್ತ’ ಆಗಿದೆ. ಆದರೂ ಜನರ ಮನಸ್ಸಿನಲ್ಲಿ ಬಿತ್ತನೆಗೂ ಬಿತ್ತರಕ್ಕೂ ಬಿದ್ದ ನಂಟು ಪದಕ್ಕೆ ಒಳ್ಳೆಯದನ್ನೇ ಮಾಡಿದೆ. ನಿರುಕ್ತಿಯ ತಪ್ಪು ಕೆಲವೊಮ್ಮೆ ಬಳಕೆಯ ಬಲವಾಗುತ್ತದೆ.

ಈ ಪದಗಳು ಗೆದ್ದದ್ದೇಕೆ? ಅವು ಸೊಗಸಾಗಿದ್ದವು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ವಾದಕ್ಕೆ ಮುಖ್ಯವಾದದ್ದು: ಅವುಗಳಿಗೆ ನೆರೆಯೇ ಇರಲಿಲ್ಲ. ರೇಡಿಯೋ ಎಂಬುದು ಒಂದು ವಸ್ತು, ಅದಕ್ಕೊಂದು ಹೆಸರು ಬೇಕಿತ್ತು, ಕೊಟ್ಟರು. ‘ಬಾನುಲಿ’ಯನ್ನು ಬೇರೆ ಯಾವ ಉಲಿಯಿಂದಲೂ ಬೇರ್ಪಡಿಸಬೇಕಾದ ಅಗತ್ಯವಿರಲಿಲ್ಲ. ಒಂಟಿ ವಸ್ತುಗಳಿಗೆ ಒಂಟಿ ಹೆಸರುಗಳನ್ನು ಕೊಡುವ ಈ ವಿಧಾನವೇ ಮುಂದೆ ಅಭ್ಯಾಸವಾಯಿತು. ಇಂಗ್ಲಿಷ್ ಪದಪಟ್ಟಿಯನ್ನು ಅಕಾರಾದಿಯಲ್ಲಿ ಇಟ್ಟುಕೊಂಡು ಒಂದೊಂದಕ್ಕೂ ಎದುರಿಗೆ ಒಂದೊಂದು ಸಮಾನಪದ ಬರೆಯುತ್ತ ಹೋಗುವುದು ಆ ಅಭ್ಯಾಸದ ಸಾಂಸ್ಥಿಕ ರೂಪ. 1961ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗದ ಪದಾವಳಿಗಳಲ್ಲೂ, ನಮ್ಮ ವಿಶ್ವವಿದ್ಯಾಲಯಗಳ ಪಾರಿಭಾಷಿಕ ಕೋಶಗಳಲ್ಲೂ ಈ ಅಕಾರಾದಿ ಪಟ್ಟಿಯ ರೂಪವೇ ಪ್ರಧಾನವಾಗಿದೆ. ಅಕಾರಾದಿಯಲ್ಲಿ ಸಿಗ್ನಲ್ ಮತ್ತು ಸಿಂಬಲ್ ಒಂದೇ ಅಕ್ಷರದ ಕೆಳಗೆ ಬಂದರೂ ಪುಟಗಟ್ಟಲೆ ದೂರ. ಕೋಡ್ ಇನ್ನೂ ದೂರ. ಪಟ್ಟಿ ಮಾಡುವವರ ಕಣ್ಣಿಗೆ ಅವು ಎಂದೂ ಎದುರುಬದುರಾಗುವುದಿಲ್ಲ. ಅವು ಭೇಟಿಯಾಗುವುದು ವಾಕ್ಯದಲ್ಲಿ.

ಪದದ ಮೌಲ್ಯ ಅದರ ನೆರೆಯ ಪದಗಳಿಂದ ನಿರ್ಧಾರವಾಗುತ್ತದೆಂಬ ಸಸ್ಯೂರರ ಮಾತು ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಸಾಮಾನ್ಯ ಭಾಷೆಯ ವಿವರಣೆಯಲ್ಲಿ ಅದನ್ನು ನಾವೆಲ್ಲರೂ ಒಪ್ಪುತ್ತೇವೆ. ಪರಿಭಾಷೆಯನ್ನು ಕಟ್ಟಲು ಕುಳಿತಾಗ ಮಾತ್ರ ಅದನ್ನು ಮರೆತು, ಪದವೆಂದರೆ ವಸ್ತುವಿಗೆ ಅಂಟಿಸುವ ಚೀಟಿ ಎಂಬ ಹಳೆಯ ನಂಬಿಕೆಗೆ ಹಿಂದಿರುಗುತ್ತೇವೆ.

3. ಲೆಕ್ಕಕ್ಕೆ ಬಾರದ ಪದಗಳು

ಮೊದಲಿನ ವಾಕ್ಯದ ಐದು ಸಂಕೇತಗಳಲ್ಲಿ ಭೇದ ಮಾಡದಿದ್ದರೆ ಏನು ಕೆಡುತ್ತದೆ? ಒಂದು ಸಣ್ಣ ಲೆಕ್ಕವನ್ನು ನೋಡೋಣ. ಡಿವಿಬಿ-ಎಸ್ ಎಂಬ ಮೊದಲ ತಲೆಮಾರಿನ ಉಪಗ್ರಹ ಪ್ರಸಾರ ಮಾನಕದಲ್ಲಿ ವಾಹಕ ತರಂಗವು ನಾಲ್ಕು ಹಂತಸ್ಥಿತಿಗಳಲ್ಲಿ ಒಂದನ್ನು ತಳೆಯುತ್ತದೆ. ಆ ಒಂದು ಸ್ಥಿತಿಯೇ ಒಂದು ಸಿಂಬಲ್. ನಾಲ್ಕರಲ್ಲಿ ಒಂದನ್ನು ಆರಿಸಿದಂತಾಗುವುದರಿಂದ ಪ್ರತಿ ಸಿಂಬಲ್ 2 ಬಿಟ್‌ಗಳನ್ನು ಹೊರುತ್ತದೆ. ಸೆಟ್ ಟಾಪ್ ಬಾಕ್ಸಿನ ಮೆನುವಿನಲ್ಲಿ ಸಿಂಬಲ್ ರೇಟ್ ಎಂಬುದರ ಎದುರಿಗೆ 27500 ಎಂದು ಬರೆದಿದ್ದರೆ ಸೆಕೆಂಡಿಗೆ 2.75 ಕೋಟಿ ಸಿಂಬಲ್‌ಗಳು, ಎಂದರೆ 5.5 ಕೋಟಿ ಬಿಟ್‌ಗಳು ಹೊರಟಂತಾಯಿತು. ಅದರ ಪಕ್ಕದಲ್ಲಿ ಎಫ್‌ಇಸಿ 3/4 ಎಂದಿದ್ದರೆ ಪ್ರತಿ ನಾಲ್ಕು ಬಿಟ್‌ಗಳಲ್ಲಿ ಮೂರು ಮಾತ್ರ ವಿಷಯವನ್ನು ಹೊತ್ತಿವೆ, ಉಳಿದದ್ದು ತಪ್ಪು ತಿದ್ದುವುದಕ್ಕೆ ಮೀಸಲು. ಇದಕ್ಕೂ ಮೊದಲು ಪ್ರತಿ 188 ಬೈಟ್‌ಗಳ ಪೊಟ್ಟಣಕ್ಕೆ ಇನ್ನೂ 16 ಬೈಟ್‌ಗಳ ಕಾವಲು ಸೇರಿರುತ್ತದೆ. ಎರಡನ್ನೂ ಕಳೆದರೆ ನಿಜವಾಗಿ ಕೈಗೆ ಸಿಗುವುದು ಸೆಕೆಂಡಿಗೆ ಸುಮಾರು 3.8 ಕೋಟಿ ಬಿಟ್‌ಗಳು. ಇಷ್ಟರಲ್ಲಿ ಎಷ್ಟು ವಾಹಿನಿಗಳನ್ನು ತುಂಬಬಹುದೆಂಬುದು ಚಿತ್ರವನ್ನು ಎಷ್ಟು ಅಡಕಗೊಳಿಸಿದ್ದೇವೆ ಎಂಬುದನ್ನು ಅವಲಂಬಿಸುತ್ತದೆ.

ಈ ಲೆಕ್ಕದಲ್ಲಿ ಎರಡು ಕ್ರಿಯೆಗಳು ಪರಸ್ಪರ ವಿರುದ್ಧ ದಿಕ್ಕಿನವು. ಚಿತ್ರವನ್ನು ಅಡಕಗೊಳಿಸುವಾಗ ಪುನರುಕ್ತಿಯನ್ನು ತೆಗೆದುಹಾಕುತ್ತೇವೆ. ಪಯಣಕ್ಕೆ ಸಿದ್ಧಗೊಳಿಸುವಾಗ ಪುನರುಕ್ತಿಯನ್ನು ಬೇಕೆಂದೇ ಸೇರಿಸುತ್ತೇವೆ. ಒಂದು ಕಳೆಯುವುದು, ಇನ್ನೊಂದು ಕೂಡುವುದು. ಎರಡಕ್ಕೂ ಕನ್ನಡದಲ್ಲಿ ‘ಸಂಕೇತೀಕರಣ’. ಇಂಗ್ಲಿಷಿನಲ್ಲೂ ಎರಡೂ ಕೋಡಿಂಗ್ ತಾನೆ ಎಂದು ಕೇಳಬಹುದು. ಹೌದು; ಆದರೆ ಅಲ್ಲಿ ಸೋರ್ಸ್ ಕೋಡಿಂಗ್, ಚಾನೆಲ್ ಕೋಡಿಂಗ್ ಎಂಬ ವಿಶೇಷಣಗಳು ಸ್ಥಿರಗೊಂಡಿವೆ. ಅದಕ್ಕಿಂತ ಮುಖ್ಯವಾಗಿ ಸಿಗ್ನಲ್, ಸಿಂಬಲ್, ಸೈಫರ್ ಎಂಬವು ಬೇರೆಯೇ ಪದಗಳಾಗಿ ಉಳಿದಿವೆ. ಇಂಗ್ಲಿಷ್ ಒಂದು ಕಡೆ ಸಡಿಲವಾಗಿದ್ದರೆ ಮೂರು ಕಡೆ ಬಿಗಿಯಾಗಿದೆ. ನಾವು ಎಲ್ಲ ಕಡೆಯೂ ಸಡಿಲ ಬಿಟ್ಟಿದ್ದೇವೆ.

‘ಸಂಕೇತ’ದ ಹಳೆಯ ಅರ್ಥವನ್ನು ನೋಡಿದರೆ ಈ ಹೊರೆ ಅದರ ಮೇಲೆ ಏಕೆ ಬಿತ್ತೆಂದು ತಿಳಿಯುತ್ತದೆ. ಅದರ ಮೂಲಾರ್ಥ ಒಪ್ಪಂದ, ಮೊದಲೇ ಮಾಡಿಕೊಂಡ ಗೊತ್ತು. ಪ್ರಣಯಿಗಳು ಗೊತ್ತುಮಾಡಿಕೊಂಡು ಸೇರುವ ಎಡೆ ಸಂಕೇತಸ್ಥಳ. ಈ ಶಬ್ದಕ್ಕೆ ಈ ಅರ್ಥ ಎಂಬ ಸಮಯ, ಶಾಸ್ತ್ರಕಾರರ ಪ್ರಕಾರ, ಸಂಕೇತ. ಮೊದಲೇ ಒಪ್ಪಿಕೊಂಡ ಗೊತ್ತು ಎಂಬ ಈ ಅರ್ಥ ಕೋಡ್ ಎಂಬುದಕ್ಕೆ ಹತ್ತಿರವೇ. ಆದರೆ ಗೊತ್ತಿನ ಮೂಲಕ ತೋರಿಸುವ ಗುರುತು, ಆ ಗುರುತನ್ನು ಹೊತ್ತು ತರುವ ಅಲೆ, ಆ ಗೊತ್ತನ್ನು ಮುಚ್ಚಿಡುವ ಉಪಾಯ ಹೀಗೆ ಪಕ್ಕಪಕ್ಕದ ಅರ್ಥಗಳಿಗೆಲ್ಲ ಅದು ಹರಡಿತು. ಸಾಮಾನ್ಯ ಭಾಷೆಯಲ್ಲಿ ಇಂಥ ಹರಡುವಿಕೆ ಸಹಜ, ಸುಂದರ ಕೂಡ. ನಮ್ಮ ಶಾಸ್ತ್ರವೂ ಇದರಿಂದ ಹೊರತಲ್ಲ: ಸೈನ್ ಎಂಬುದಕ್ಕೂ ಸಿಂಬಲ್ ಎಂಬುದಕ್ಕೂ ‘ಸಂಕೇತ’ವನ್ನೇ ಬಳಸಿ, ಕೋಡ್ ಮಿಕ್ಸಿಂಗ್ ಎಂಬುದನ್ನು ‘ಸಂಕೇತ ಮಿಶ್ರಣ’ ಎಂದು ಬರೆಯುವ ಭಾಷಾವಿಜ್ಞಾನಿಗಳು ತಂತ್ರಜ್ಞರನ್ನು ಟೀಕಿಸುವ ಮೊದಲು ತಮ್ಮ ಅಂಗಳವನ್ನು ಗುಡಿಸಿಕೊಳ್ಳಬೇಕು. ನಮ್ಮನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇವೆ.

ಬಹ್ವರ್ಥತೆ ತನ್ನಷ್ಟಕ್ಕೆ ದೋಷವಲ್ಲ ಎಂಬುದನ್ನೂ ಇಲ್ಲಿ ಒತ್ತಿ ಹೇಳಬೇಕು. ಒಂದು ಪರಿಕಲ್ಪನೆಗೆ ಒಂದೇ ಪದ, ಒಂದು ಪದಕ್ಕೆ ಒಂದೇ ಪರಿಕಲ್ಪನೆ ಎಂಬ ಆದರ್ಶವನ್ನು ಆಯ್ಗನ್ ವ್ಯೂಸ್ಟರ್ ಅವರಿಂದ ಐಎಸ್‌ಒ 704 ಮಾನಕದವರೆಗೆ ಪರಿಭಾಷಾಶಾಸ್ತ್ರ ಎತ್ತಿಹಿಡಿದಿದೆ. ಯಾವ ಜೀವಂತ ಭಾಷೆಯೂ ಅದನ್ನು ಪೂರ್ತಿ ಪಾಲಿಸಿಲ್ಲ. ನಾವು ಕೇಳುವುದು ಅದಕ್ಕಿಂತ ಕಡಿಮೆ: ಒಂದೇ ವಾಕ್ಯದಲ್ಲಿ ಎದುರಾಗಬಹುದಾದ ಎರಡು ಪರಿಕಲ್ಪನೆಗಳಿಗೆ ಒಂದೇ ಪದ ಸಲ್ಲದು. ಫ್ರೀಕ್ವೆನ್ಸಿ ಎಂಬುದಕ್ಕೆ ನಮ್ಮ ಪಠ್ಯಗಳಲ್ಲಿ ಆವೃತ್ತಿ, ಆವರ್ತನ, ಆವರ್ತಾಂಕ, ಕಂಪನಾಂಕ ಎಂಬ ರೂಪಗಳೆಲ್ಲ ಇವೆ. ಪುಸ್ತಕದ ಎರಡನೆಯ ಆವೃತ್ತಿಯನ್ನು ಯಾರೂ ತರಂಗದ ಆವೃತ್ತಿಯೆಂದು ಭ್ರಮಿಸುವುದಿಲ್ಲ. ಅಲ್ಲಿ ಬಹ್ವರ್ಥತೆ ನಿರಪಾಯ. ಆದರೆ ಡಿವಿಬಿ-ಎಸ್ ಮಾನಕದ ಎರಡನೆಯ ಆವೃತ್ತಿಯಲ್ಲಿ ಯಾವ ಆವೃತ್ತಿಗಳನ್ನು ಬಳಸುತ್ತಾರೆ ಎಂದು ಬರೆಯಬೇಕಾದಾಗ ಆವರ್ತಾಂಕದ ಮೊರೆಹೋಗದೆ ವಿಧಿಯಿಲ್ಲ. ‘ಧ್ರುವೀಕರಣ’ದ ಪಾಡೂ ಹೀಗೆಯೇ: ಪತ್ರಿಕೆಗಳಲ್ಲಿ ಅದು ಈಗ ಮತಗಳಿಗೆ ಮೀಸಲಾದ ಪದ, ಆದರೂ ಚುನಾವಣೆಯೂ ಅಲೆಯ ಅಡ್ಡ-ನೆಟ್ಟ ಕಂಪನವೂ ಒಂದೇ ವಾಕ್ಯದಲ್ಲಿ ಸೇರುವ ಸಂಭವ ಕಡಿಮೆಯಾದ್ದರಿಂದ ಅದನ್ನು ಉಳಿಸಿಕೊಳ್ಳಬಹುದು.

4. ‘ಉಚಿತ’ ಎಂಬ ಪದಕ್ಕೆ ತೆತ್ತ ಬೆಲೆ

ಇದುವರೆಗಿನ ಮಾತು ತರಗತಿಗೆ, ಪಠ್ಯಪುಸ್ತಕಕ್ಕೆ ಸಂಬಂಧಿಸಿದ್ದು. ಪದದ ಅಸ್ಪಷ್ಟತೆ ನೇರವಾಗಿ ಮನೆಯ ಲೆಕ್ಕವನ್ನು ಮುಟ್ಟಿದ ಪ್ರಸಂಗವೂ ಒಂದಿದೆ. ನಮಗೆ ಅದು ಎಲ್ಲಕ್ಕಿಂತ ಗಂಭೀರವಾಗಿ ತೋರುತ್ತದೆ.

ಫ್ರೀ-ಟು-ಏರ್ ಎಂಬ ಇಂಗ್ಲಿಷ್ ಪದಗುಚ್ಛದಲ್ಲಿ ಮೂರು ಅರ್ಥಗಳು ಒಂದರ ಮೇಲೊಂದು ಕುಳಿತಿವೆ. ಮೊದಲನೆಯದು ತಾಂತ್ರಿಕ: ಬೀಗವಿಲ್ಲದ, ಯಾವ ಪೆಟ್ಟಿಗೆಯಾದರೂ ಬಿಡಿಸಿಕೊಳ್ಳಬಲ್ಲ ಪ್ರಸಾರ. ಎರಡನೆಯದು ಕಾನೂನಿನದು: ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, 2017ರ ವ್ಯಾಖ್ಯೆಯ ಪ್ರಕಾರ ಯಾವ ವಾಹಿನಿಗಾಗಿ ವಿತರಕನು ಪ್ರಸಾರಕನಿಗೆ ಶುಲ್ಕ ಕೊಡಬೇಕಾಗಿಲ್ಲವೋ ಅದು. ಮೂರನೆಯದು ನೋಡುಗನದು: ನಾನು ದುಡ್ಡು ಕೊಡಬೇಕಾಗಿಲ್ಲ. ದೂರದರ್ಶನವು 2004ರ ಡಿಸೆಂಬರಿನಲ್ಲಿ ಆರಂಭಿಸಿದ, ಈಗ ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ ಸೇವೆಯಲ್ಲಿ ಈ ಅರ್ಥಗಳು ಬಹುಮಟ್ಟಿಗೆ ಕೂಡಿಬರುತ್ತವೆ: ಡಿಶ್ಶು ಮತ್ತು ಪೆಟ್ಟಿಗೆಯನ್ನು ಒಮ್ಮೆ ಕೊಂಡರಾಯಿತು, ತಿಂಗಳ ಬಾಡಿಗೆಯಿಲ್ಲ. ಖಾಸಗಿ ಡಿಟಿಎಚ್ ಮತ್ತು ಕೇಬಲ್ ಜಾಲಗಳಲ್ಲಿ ಅವು ಕೂಡಿಬರುವುದಿಲ್ಲ.

ಕನ್ನಡದಲ್ಲಿ ಈ ಮೂರಕ್ಕೂ ‘ಉಚಿತ ವಾಹಿನಿ’. 2019ರ ಫೆಬ್ರವರಿ 1ರಿಂದ ಹೊಸ ದರ ವ್ಯವಸ್ಥೆ ಜಾರಿಗೆ ಬಂದಾಗ, 100 ವಾಹಿನಿಗಳವರೆಗೆ ನೆಟ್‌ವರ್ಕ್ ಕೆಪಾಸಿಟಿ ಫೀ ಎಂಬ ಹೆಸರಿನಲ್ಲಿ ತಿಂಗಳಿಗೆ ಗರಿಷ್ಠ 130 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ ವಸೂಲು ಮಾಡಲು ಅವಕಾಶವಾಯಿತು. ಹಣ ಕೊಟ್ಟು ನೋಡುವ ವಾಹಿನಿ ಒಂದನ್ನೂ ಆರಿಸದೆ ಬರೀ ‘ಉಚಿತ’ ವಾಹಿನಿಗಳನ್ನೇ ಆರಿಸಿಕೊಂಡವರೂ ಆಗ ಈ ಮೊತ್ತವನ್ನು ಕೊಡಬೇಕಾಗಿತ್ತು. ಉಚಿತವಾದದ್ದಕ್ಕೆ ನೂರೈವತ್ತು ರೂಪಾಯಿ ಏಕೆ ಎಂಬ ಪ್ರಶ್ನೆ ಅಂದು ನಾಡಿನ ಮನೆಮನೆಯಲ್ಲೂ ಎದ್ದಿತು. ಕೇಳಿದವರು ಅಜ್ಞಾನಿಗಳಾಗಿರಲಿಲ್ಲ. ಅವರು ಕನ್ನಡ ಪದವನ್ನು ಕನ್ನಡದ ಅರ್ಥದಲ್ಲಿ ಓದಿದ್ದರು, ಅಷ್ಟೆ. ನಿಯಮದಲ್ಲಿ ‘ಫ್ರೀ’ ಎಂಬುದು ಪ್ರಸಾರಕ ಮತ್ತು ವಿತರಕರ ನಡುವಿನ ಮಾತು. ಕನ್ನಡದಲ್ಲಿ ‘ಉಚಿತ’ ಎಂದೊಡನೆ ಕೊಳ್ಳುವವನು ಕಣ್ಣಮುಂದೆ ನಿಲ್ಲುತ್ತಾನೆ. ಯಾರು ಯಾರಿಗೆ ಕೊಡಬೇಕಾಗಿಲ್ಲ ಎಂಬ ಕಾರಕ ಸಂಬಂಧವನ್ನು ಪದ ನುಂಗಿಹಾಕಿತು.

‘ಉಚಿತ’ದ ಕಥೆಯೇ ಒಂದು ಅಧ್ಯಾಯಕ್ಕಾಗುವಷ್ಟಿದೆ. ಸಂಸ್ಕೃತದಲ್ಲಿ ಅದು ತಕ್ಕದ್ದು, ಯೋಗ್ಯವಾದದ್ದು. ಔಚಿತ್ಯ, ಸಮಯೋಚಿತಗಳಲ್ಲಿ ನಾವೂ ಆ ಅರ್ಥವನ್ನು ಉಳಿಸಿಕೊಂಡಿದ್ದೇವೆ. ಬೆಲೆಯಿಲ್ಲದ್ದು ಎಂಬ ಅರ್ಥ ಕನ್ನಡ ಮತ್ತು ತೆಲುಗುಗಳಲ್ಲಿ ಬೆಳೆದದ್ದು. ಹಿಂದಿಯಲ್ಲಿ ‘ಉಚಿತ ಮೂಲ್ಯ’ದ ಅಂಗಡಿ ಎಂದರೆ ನ್ಯಾಯಬೆಲೆ ಅಂಗಡಿ, ಆ ಫಲಕವನ್ನು ಕನ್ನಡದ ಕಣ್ಣಿನಿಂದ ಓದಿ ಒಳಹೊಕ್ಕವರು ನಿರಾಶರಾಗುತ್ತಾರೆ. ಇಂಥ ಪದವನ್ನು ಕಾನೂನಿನ ವ್ಯಾಖ್ಯೆಗೆ ಹೂಡುವ ಮುನ್ನ ಯೋಚಿಸಬೇಕಿತ್ತು.

ಬೀಗವಿಲ್ಲದ ಪ್ರಸಾರಕ್ಕೆ ‘ಮುಕ್ತ’ ಎಂಬ ಪದ ಸಿದ್ಧವಾಗಿಯೇ ಇದೆ. ಪ್ರಸಾರಕನಿಗೆ ಶುಲ್ಕ ಸಲ್ಲದ ವಾಹಿನಿಯನ್ನು ‘ವಾಹಿನಿಶುಲ್ಕವಿಲ್ಲದ ವಾಹಿನಿ’ ಎಂದು ತುಸು ಉದ್ದವಾಗಿಯಾದರೂ ಕರೆಯಬಹುದು. ಶುಲ್ಕ ಯಾವುದರದ್ದೆಂದು ಹೇಳಿದರೆ ಜಾಲದ ಶುಲ್ಕ ಬೇರೆ ಇದೆಯೆಂಬುದು ತಾನಾಗಿ ಹೊಳೆಯುತ್ತದೆ. ‘ಉಚಿತ’ವನ್ನು ನೋಡುಗ ಏನನ್ನೂ ಕೊಡಬೇಕಾಗಿಲ್ಲದ ಸೇವೆಗೆ ಮಾತ್ರ ಉಳಿಸಿಕೊಳ್ಳೋಣ. ಉದ್ದದ ಪದ ಬಳಕೆಯಲ್ಲಿ ಸೋಲುತ್ತದೆಂಬ ಆಕ್ಷೇಪವನ್ನು ನಾವು ಬಲ್ಲೆವು. ಆದರೆ ಬಿಲ್ಲಿನಲ್ಲಿ, ಕರಾರಿನಲ್ಲಿ, ದೂರುಪತ್ರದಲ್ಲಿ ಪದದ ಉದ್ದಕ್ಕಿಂತ ಅದರ ಖಚಿತತೆ ದೊಡ್ಡದು.

ಅದೇ ದರ ವ್ಯವಸ್ಥೆ ಕನ್ನಡಕ್ಕೆ ಒಂದು ಒಳ್ಳೆಯ ಅವಕಾಶವನ್ನೂ ಕೊಟ್ಟಿತು. ಆ ಲಾ ಕಾರ್ಟ್ ಎಂಬ ಫ್ರೆಂಚ್ ಮಾತಿಗೆ ‘ಬಿಡಿ’ ಎಂಬ ಎರಡಕ್ಷರ ಸಾಕು. ಬಿಡಿ ವಾಹಿನಿ, ವಾಹಿನಿ ಗುಚ್ಛ. ಬಿಡಿಯಾಗಿ ಕೊಳ್ಳುವುದೂ ಸಗಟಾಗಿ ಕೊಳ್ಳುವುದೂ ಸಂತೆಯಿಂದಲೇ ಬಂದ ಭೇದವಾದ್ದರಿಂದ ಇಲ್ಲಿ ವಿವರಣೆಯೇ ಬೇಡ. ಪ್ರಸಾರಕ–ವಿತರಕ ಎಂಬ ಜೋಡಿಯೂ ಕೆಲಸಕ್ಕೆ ಬರುವಂಥದ್ದು.

5. ‘ಮುಂಗಡ’ ಮತ್ತು ‘ಬ್ಲಾಕ್’

ಸಮಾಸಗಳನ್ನು ಬಿಡಿಸುವಲ್ಲಿ ಆಗುವ ತಪ್ಪುಗಳು ಇನ್ನೊಂದು ಬಗೆಯವು. ಎಫ್‌ಇಸಿ ಎಂಬ ಸಂಕ್ಷಿಪ್ತರೂಪದಲ್ಲಿರುವ ಫಾರ್ವರ್ಡ್ ಎರರ್ ಕರೆಕ್ಷನ್ ಎಂಬುದನ್ನು ‘ಮುಂಗಡ ದೋಷ ತಿದ್ದುಪಡಿ’ ಎನ್ನಬೇಕೆಂದು ಮೊದಲ ನೋಟಕ್ಕೆ ತೋರುತ್ತದೆ. ಮುಂಗಡ ಎಂಬುದು ಕಾಲದ ಮಾತು. ಮುಂಗಡ ಹಣ, ಮುಂಗಡ ಪತ್ರ. ಇಲ್ಲಿ ಫಾರ್ವರ್ಡ್ ಎಂಬುದು ದಿಕ್ಕಿನ ಮಾತು. ಉಪಗ್ರಹದಿಂದ ಪೆಟ್ಟಿಗೆಗೆ ಒಂದೇ ದಾರಿ. ತಪ್ಪಾಗಿ ಬಂತು, ಮತ್ತೊಮ್ಮೆ ಕಳುಹಿಸು ಎಂದು ಕೇಳಲು ಪೆಟ್ಟಿಗೆಗೆ ಹಿಂದಾರಿಯಿಲ್ಲ. ಆದ್ದರಿಂದ ತಿದ್ದಲು ಬೇಕಾದುದನ್ನೆಲ್ಲ ಮುಂದಾರಿಯಲ್ಲೇ ಕಟ್ಟಿ ಕಳುಹಿಸಬೇಕು. ಕನ್ನಡದ ‘ಮುಂ’ ಎಂಬ ಅಂಶ ಕಾಲ ಮತ್ತು ದೇಶಗಳೆರಡನ್ನೂ ಸೂಚಿಸುತ್ತದೆ; ಮೇಲಾಗಿ ‘ಮುಂಚೆ’ ಹಿಂದಿನ ಕಾಲವನ್ನೂ ‘ಮುಂದೆ’ ಬರಲಿರುವ ಕಾಲವನ್ನೂ ಹೇಳುತ್ತವೆ. ಈ ಅಂಶವನ್ನು ಪರಿಭಾಷೆಗೆ ತರುವಾಗ ಎಚ್ಚರ ಬೇಕು. ‘ಏಕಮುಖ ತಿದ್ದುಗೆ’ ಎಂದರೆ ಇಂಗ್ಲಿಷ್ ಪದ ಅನುವಾದವಾಗುವುದಿಲ್ಲ, ಪರಿಕಲ್ಪನೆ ಅನುವಾದವಾಗುತ್ತದೆ. ನಮಗೆ ಬೇಕಾದದ್ದು ಎರಡನೆಯದೇ.

ಡಿಶ್ಶಿನ ಮೂತಿಯಲ್ಲಿ ಕೂರುವ ಎಲ್‌ಎನ್‌ಬಿಯದು ಮತ್ತೊಂದು ಪಾಠ. ಅದರ ಪೂರ್ಣರೂಪ ಲೋ ನಾಯ್ಸ್ ಬ್ಲಾಕ್ ಡೌನ್‌ಕನ್ವರ್ಟರ್. ಸಮಾಸದ ಶಿರಸ್ಸಾದ ಕೊನೆಯ ಪದವೇ ಸಂಕ್ಷೇಪದಲ್ಲಿ ಕಳಚಿಹೋಗಿ ‘ಬ್ಲಾಕ್’ ಅನಾಥವಾಗಿ ಉಳಿದಿದೆ. ಪದಕ್ಕೆ ಪದವಿಟ್ಟು ಅನುವಾದಿಸುವವರು ಈ ಬ್ಲಾಕನ್ನು ತಡೆಯೆಂದೋ ದಿಮ್ಮಿಯೆಂದೋ ತಿಳಿದರೆ ಅಚ್ಚರಿಯಿಲ್ಲ. ಇಲ್ಲಿ ಅದರ ಅರ್ಥ ಆವರ್ತಾಂಕಗಳ ಒಂದು ಇಡಿಯ ಪಟ್ಟಿ. ಉಪಗ್ರಹದಿಂದ 10.7ರಿಂದ 12.75 ಗಿಗಾಹರ್ಟ್ಸ್‌ನ ಕೆಯು ಬ್ಯಾಂಡಿನಲ್ಲಿ ಬರುವ ಅಲೆಗಳನ್ನು ಹಾಗೆಯೇ ಕೇಬಲ್ಲಿಗೆ ಹರಿಸಿದರೆ ಅವು ಮನೆಯೊಳಗೆ ತಲಪುವಷ್ಟರಲ್ಲಿ ಕ್ಷೀಣಿಸುತ್ತವೆ. ಆದ್ದರಿಂದ ಈ ಪಟ್ಟಿಯ ಒಂದೊಂದು ಭಾಗವನ್ನು ಇಡಿಯಾಗಿ 950ರಿಂದ 2150 ಮೆಗಾಹರ್ಟ್ಸ್‌ನ ಮಟ್ಟಕ್ಕೆ ಇಳಿಸುವುದು ಅದರ ಕೆಲಸ. ನಾಯ್ಸ್ ಎಂಬುದನ್ನು ‘ಗದ್ದಲ’ ಎನ್ನುವುದೂ ಇಲ್ಲಿ ಅಷ್ಟು ಹೊಂದುವುದಿಲ್ಲ: ಟಿವಿಯಲ್ಲಿ ಅದು ಕಿವಿಗೆ ಕೇಳುವುದಕ್ಕಿಂತ ಕಣ್ಣಿಗೆ ಕಾಣುತ್ತಿತ್ತು, ಡಿಜಿಟಲ್ ಬಂದ ಮೇಲೆ ಕಾಣುವುದೂ ಇಲ್ಲ, ಒಂದು ಮಿತಿ ದಾಟಿದೊಡನೆ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಅಂಥ ಹೊತ್ತಿನಲ್ಲಿ ನಮ್ಮ ಜನ ‘ಸ್ಟ್ರಕ್ ಆಗ್ತಿದೆ’ ಎನ್ನುತ್ತಾರೆ. ಇಂಗ್ಲಿಷಿನ ಎರಡು ಕೃದಂತಗಳು ಕಲಸಿ ಹುಟ್ಟಿದ ಈ ‘ಸ್ಟ್ರಕ್’ ಈಗ ಅಪ್ಪಟ ಕನ್ನಡ ಪದ. ಅದನ್ನು ತಿದ್ದಲು ಹೋಗುವವರಿಗೆ ನಮ್ಮ ಸಹಾನುಭೂತಿಯಿದೆ.

ಎಲ್‌ಎನ್‌ಬಿಗೆ ಕನ್ನಡ ಪದ ಬೇಕೆ? ಬೇಡವೆಂದೇ ನಮ್ಮ ನಿಲುವು. ಅದು ಅಂಗಡಿಯಲ್ಲಿ ಸಿಗುವ ಬಿಡಿಭಾಗದ ಹೆಸರು. ಯಾವ ನೆರೆಯ ಪದದೊಡನೆಯೂ ಅದು ಕಲಸಿಹೋಗುವುದಿಲ್ಲ. ನಮ್ಮ ಪರೀಕ್ಷೆಯಲ್ಲಿ ಅದು ಹಾಗೆಯೇ ತೇರ್ಗಡೆಯಾಗುತ್ತದೆ.

6. ಛಾವಣಿಯ ಮೇಲಿನ ಪರಿಭಾಷೆ

1975ರ ಆಗಸ್ಟಿನಿಂದ ಒಂದು ವರ್ಷ ಕಾಲ ನಡೆದ ಸೈಟ್ ಪ್ರಯೋಗದಲ್ಲಿ, ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಗುವುದಕ್ಕೂ ಮೊದಲೇ, ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಉಪಗ್ರಹದಿಂದ ನೇರವಾಗಿ ಕನ್ನಡ ಕಾರ್ಯಕ್ರಮಗಳನ್ನು ಪಡೆದವು. ಹೀಗೆ ಉಪಗ್ರಹ ಟಿವಿಯನ್ನು ಕುರಿತ ಕನ್ನಡ ಮಾತು ಶುರುವಾದದ್ದು ರಾಜಧಾನಿಯಲ್ಲಲ್ಲ, ಕಲ್ಯಾಣ ಕರ್ನಾಟಕ ಮತ್ತು ಬಿಜಾಪುರದ ಹಳ್ಳಿಗಳಲ್ಲಿ. ಇಂದು ಡಿಶ್ ಕೂರಿಸುವ ಹುಡುಗ ಛಾವಣಿಯ ಮೇಲಿನಿಂದ ಕೂಗಿ ಕೇಳುವ, ಕೆಳಗೆ ಟಿವಿಯ ಮುಂದೆ ಕುಳಿತವರು ಕೂಗಿ ಉತ್ತರಿಸುವ ಮಾತನ್ನು ಕೇಳಿಸಿಕೊಂಡರೆ ಸಣ್ಣದಾದರೂ ಅಚ್ಚುಕಟ್ಟಾದ ಪರಿಭಾಷೆಯೊಂದು ಅಲ್ಲಿ ಕೆಲಸ ಮಾಡುತ್ತಿರುವುದು ಕಾಣುತ್ತದೆ. ಸಿಗ್ನಲ್ ‘ಬರುತ್ತದೆ’, ‘ಸಿಗುತ್ತದೆ’, ‘ಹೋಗುತ್ತದೆ’. ಉತ್ತರದಲ್ಲಾದರೆ ‘ಸಿಗ್ನಲ್ ಬರವಲ್ದು’. ಫ್ರೀಕ್ವೆನ್ಸಿ ‘ಹಾಕುತ್ತಾರೆ’. ಪೆಟ್ಟಿಗೆ ‘ಲಾಕ್ ಆಗುತ್ತದೆ’, ಡಿಶ್ಶನ್ನು ‘ಸೆಟ್ ಮಾಡುತ್ತಾರೆ’. ಚಾನೆಲ್ ‘ಓಪನ್ ಆಗುತ್ತದೆ’. ನಾಮಪದಗಳೆಲ್ಲ ಎರವಲು, ಕ್ರಿಯೆಗಳೆಲ್ಲ ಕನ್ನಡ. ತಾನಾಗಿ ಆಗುವುದಕ್ಕೂ ಒಬ್ಬರು ಮಾಡುವುದಕ್ಕೂ ಇರುವ ಭೇದವನ್ನು ‘ಆಗು’–‘ಮಾಡು’ಗಳು ತಪ್ಪದೆ ಕಾಯುತ್ತವೆ, ‘ಸಂಕೇತೀಕರಣ’, ‘ಅಂಕೀಕರಣ’ಗಳಂಥ ನಾಮೀಕೃತ ರೂಪಗಳು ಕರ್ತೃವನ್ನು ಮರೆಮಾಡುತ್ತವೆ. ಮುಖ್ಯವಾಗಿ, ಸಿಗ್ನಲ್, ಸಿಂಬಲ್ ರೇಟ್, ಕೋಡ್ ಇವು ಅವರ ಬಾಯಲ್ಲಿ ಎಂದೂ ಕಲಸುವುದಿಲ್ಲ. ವಿದ್ವಾಂಸರ ಪರಿಭಾಷೆ ಕಳೆದುಕೊಂಡ ವ್ಯತ್ಯಾಸಗಳನ್ನು ಎರವಲಿನ ಪರಿಭಾಷೆ ಉಳಿಸಿಕೊಂಡಿದೆ.

ಹಾಗೆಂದು ಎರವಲೇ ಉತ್ತರವೆಂದು ನಾವು ಹೇಳುತ್ತಿಲ್ಲ. ಆ ಹುಡುಗನಿಗೆ 27500 ಎಂಬುದು ಹಾಕಬೇಕಾದ ಅಂಕಿ. ಅದು ಏನೆಂದು ಆ ಪದ ಅವನಿಗೆ ಹೇಳುವುದಿಲ್ಲ. ಎರವಲು ಪದ ವ್ಯತ್ಯಾಸವನ್ನು ಕಾಯುತ್ತದೆ, ಅರ್ಥವನ್ನು ತೆರೆಯುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಶಾಲೆ ಮುಗಿಸಿ ತಾಂತ್ರಿಕ ತರಬೇತಿಗೆ ಬರುವವನಿಗೆ ಎರಡೂ ಬೇಕು. ಡಿ.ಎನ್. ಶಂಕರ ಭಟ್ಟರು ಕನ್ನಡದ್ದೇ ಬೇರುಗಳಿಂದ ಪದ ಕಟ್ಟುವ ಸಾಧ್ಯತೆಯನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಬಿಡಿಪದಗಳನ್ನು ಹುಡುಕುವ ಬದಲು ಪ್ರತ್ಯಯ ಮತ್ತು ಸಮಾಸಗಳ ಮಾದರಿಗಳನ್ನು ಹಿಡಿದದ್ದು ಅವರ ಕೆಲಸದ ದೊಡ್ಡ ಗುಣ. ಆದರೆ ಬೇರು ಯಾವ ಭಾಷೆಯದು ಎಂಬ ಪ್ರಶ್ನೆ ಚರ್ಚೆಯನ್ನೆಲ್ಲ ಆವರಿಸಿಕೊಂಡು, ಈ ಪದ ತನ್ನ ಪಕ್ಕದ ಪದದಿಂದ ಬೇರೆಯಾಗಿ ನಿಲ್ಲುತ್ತದೆಯೆ ಎಂಬ ಪ್ರಶ್ನೆಯನ್ನು ಹಿಂದೆ ಸರಿಸಿತು. ಸಂಸ್ಕೃತದ ಪಕ್ಷದವರೂ ಕನ್ನಡದ ಪಕ್ಷದವರೂ ಈ ವಿಷಯದಲ್ಲಿ ಒಂದೇ ದೋಣಿಯಲ್ಲಿದ್ದಾರೆ.

7. ಕದಡು ಮತ್ತು ತಿಳಿ

ನಮ್ಮ ಪರೀಕ್ಷೆಯನ್ನು ನಮ್ಮದೇ ಸೂಚನೆಗಳ ಮೇಲೆ ಪ್ರಯೋಗಿಸಿ ನೋಡಬೇಕು. ಐದು ಸಂಕೇತಗಳ ಜಾಗದಲ್ಲಿ ನಾವು ಸೂಚಿಸುವುದಿಷ್ಟು. ಸಿಗ್ನಲ್ ಹಾಗೆಯೇ ಇರಲಿ. ರಸ್ತೆಯ ದೀಪದಿಂದ ಮೊಬೈಲಿನವರೆಗೆ ಅದು ಎಲ್ಲರ ಪದವಾಗಿದೆ. ಸಿಂಬಲ್ ‘ಚಿಹ್ನೆ’ಯಾಗಲಿ, ಸಿಂಬಲ್ ರೇಟ್ ‘ಚಿಹ್ನೆ ದರ’. ಪುನರುಕ್ತಿಯನ್ನು ಕಳೆಯುವುದು ‘ಅಡಕಗೊಳಿಸು’. ಪುನರುಕ್ತಿಯನ್ನು ಕೂಡಿಸುವುದು ‘ಕಾವಲು ಕಟ್ಟು’. ಗುಟ್ಟಿನ ವಿಷಯಕ್ಕೆ ಬಂದರೆ ಇಲ್ಲಿ ಎರಡು ಪದರಗಳಿವೆ. ಚಿತ್ರ ಮತ್ತು ಧ್ವನಿಯ ಹರಿವನ್ನು ಗುರುತು ಸಿಗದಂತೆ ಕಲಸುವುದು ಒಂದು, ಅದೇ ಸ್ಕ್ರ್ಯಾಂಬ್ಲಿಂಗ್. ಹಾಗೆ ಕಲಸಲು ಬಳಸಿದ, ಕೆಲವೇ ಸೆಕೆಂಡುಗಳಿಗೊಮ್ಮೆ ಬದಲಾಗುವ ಕೀಲಿಯನ್ನು ಗೂಢಲಿಪಿಯಲ್ಲಿ ಮುಚ್ಚಿ ಚಂದಾದಾರನ ಕಾರ್ಡಿಗೆ ಕಳುಹಿಸುವುದು ಇನ್ನೊಂದು, ಅದು ಎನ್‌ಕ್ರಿಪ್ಶನ್. ಎರಡನೆಯದಕ್ಕೆ ‘ಗೂಢಲಿಪಿ’ ಇದ್ದೇ ಇದೆ. ಮೊದಲನೆಯದಕ್ಕೆ ‘ಕದಡು’ ಎಂಬ ಪದವನ್ನು ಮುಂದಿಡುತ್ತೇವೆ. ಕದಡಿದ ನೀರು ತಿಳಿಯಾಗುತ್ತದೆ. ಸ್ಕ್ರ್ಯಾಂಬಲ್ ಮಾಡುವುದು ಕದಡುವುದು, ಅದನ್ನು ಬಿಡಿಸುವುದು ತಿಳಿಗೊಳಿಸುವುದು; ಮುಕ್ತ ವಾಹಿನಿಯದು ತಿಳಿ ಹರಿವು. ಚಾನೆಲ್ ಎಂಬುದನ್ನು ‘ವಾಹಿನಿ’ ಎಂದ ಹಿರಿಯರು ಅದನ್ನು ಹೊಳೆಯಾಗಿಯೇ ಕಂಡಿದ್ದರಾದ್ದರಿಂದ ಈ ಜೋಡಿ ಅದರೊಡನೆ ಸಹಜವಾಗಿ ಕೂಡಿಕೊಳ್ಳುತ್ತದೆ.

ಆರಂಭದ ವಾಕ್ಯ ಆಗ ಹೀಗಾಗುತ್ತದೆ: ‘ಅಡಕಗೊಳಿಸಿದ ಹರಿವನ್ನು ಕದಡಿ, ಅದಕ್ಕೆ ಕಾವಲು ಕಟ್ಟಿ, ನಿಗದಿತ ಚಿಹ್ನೆ ದರದಲ್ಲಿ ಸಿಗ್ನಲ್ಲಾಗಿ ಉಪಗ್ರಹಕ್ಕೆ ಕಳುಹಿಸಲಾಗುತ್ತದೆ; ಹಣ ತೆತ್ತವರ ಪೆಟ್ಟಿಗೆ ಮಾತ್ರ ಗೂಢಲಿಪಿಯನ್ನು ಬಿಡಿಸಿ ಇದನ್ನು ತಿಳಿಗೊಳಿಸಬಲ್ಲದು.’ ಮೊದಲಿನ ವಾಕ್ಯ ಅಡಗಿಸಿದ್ದ ಕ್ರಮವೂ ಇಲ್ಲಿ ಹೊರಬಿದ್ದಿದೆ: ಕದಡುವುದು ಮೊದಲು, ಕಾವಲು ಆಮೇಲೆ.

ಇಲ್ಲಿಯೂ ಒಂದು ತೊಡಕು ಉಳಿದಿದೆ. ಗುಟ್ಟಿಗಾಗಿ ಕದಡುವುದಲ್ಲದೆ, ಒಂದೇ ಬಗೆಯ ಬಿಟ್‌ಗಳು ಸಾಲಾಗಿ ಬಂದು ಶಕ್ತಿಯೆಲ್ಲ ಒಂದೇ ಆವರ್ತಾಂಕದಲ್ಲಿ ಗುಡ್ಡೆಯಾಗದಿರಲೆಂದು ಪ್ರಸಾರ ಕೇಂದ್ರದಲ್ಲಿ ಹರಿವನ್ನು ಇನ್ನೊಮ್ಮೆ ಕಲಸುತ್ತಾರೆ. ಇದರಲ್ಲಿ ಗುಟ್ಟೇನೂ ಇಲ್ಲ; ಮುಕ್ತ ವಾಹಿನಿಗಳಿಗೂ ಇದು ಅನ್ವಯಿಸುತ್ತದೆ. ಇಂಗ್ಲಿಷಿನ ತಾಂತ್ರಿಕ ಬರಹಗಳಲ್ಲಿ ಇದನ್ನೂ ಸ್ಕ್ರ್ಯಾಂಬ್ಲಿಂಗ್ ಎನ್ನುವುದುಂಟು. ಎರಡೂ ಒಂದೇ ವಾಕ್ಯದಲ್ಲಿ ಬರಬಹುದಾದ್ದರಿಂದ ‘ಕದಡು’ ನಮ್ಮದೇ ಪರೀಕ್ಷೆಯಲ್ಲಿ ಸೋಲುವ ಅಪಾಯವಿದೆ. ಇದಕ್ಕೆ ‘ಚದುರಿಸು’ ಎಂಬುದನ್ನು ಬಳಸಿ ನೋಡಿದೆವು: ಕದಡಿದ್ದನ್ನು ತಿಳಿಗೊಳಿಸಬೇಕು, ಚದುರಿಸಿದ್ದನ್ನು ಕೂಡಿಸಬೇಕು. ವಾಕ್ಯದಲ್ಲಿ ಎರಡೂ ಬೇರೆಬೇರೆಯಾಗಿ ನಿಂತವು. ಆದರೆ ಚದುರುವುದು ಶಕ್ತಿ, ಬಿಟ್‌ಗಳಲ್ಲ. ‘ಬಿಟ್‌ಗಳನ್ನು ಚದುರಿಸು’ ಎಂದು ಬರೆದರೆ ಅವುಗಳ ಸ್ಥಾನ ಬದಲಾಯಿಸುವ ಇಂಟರ್‌ಲೀವಿಂಗ್ ಎಂಬ ಮತ್ತೊಂದು ಕ್ರಿಯೆ ನೆನಪಾಗುತ್ತದೆ. ಅದಕ್ಕೆ ‘ಹೆಣೆ’ ಎಂಬ ಪದವನ್ನಿಟ್ಟು, ‘ಕಾವಲು ಕಟ್ಟುವ ಮೊದಲು ಶಕ್ತಿಯನ್ನು ಚದುರಿಸಿ, ಮೊದಲ ಕಾವಲಿನ ನಂತರ ಬೈಟ್‌ಗಳನ್ನು ಹೆಣೆದು, ಎರಡನೆಯ ಕಾವಲು ಕಟ್ಟುತ್ತಾರೆ’ ಎಂಬಲ್ಲಿಗೆ ಬಂದು ನಿಂತಿದ್ದೇವೆ. ಈ ವಾಕ್ಯವನ್ನು ಪ್ರಸಾರ ಕೇಂದ್ರಗಳಲ್ಲಿ ಕೆಲಸ ಮಾಡುವ ಕನ್ನಡ ಬಲ್ಲ ಎಂಜಿನಿಯರುಗಳು ಓದಿ, ಎಲ್ಲಿ ಎಡವಿದೆವೆಂದು ತಿಳಿಸಿದರೆ ಮುಂದಿನ ತಿದ್ದುಪಡಿ ಅಲ್ಲಿಂದ ಆರಂಭವಾಗಬಹುದು.